ಗಾಂಜಾ ಔಷಧವೇ? ಪ್ರಶ್ನೆಯನ್ನೇ ತಿದ್ದಿ ಕೇಳಬೇಕಿದೆ

1970ರ ದಶಕದ ಆರಂಭದ ಮಾತು. ಅಮೆರಿಕದ ವಾಷಿಂಗ್ಟನ್‌ನಲ್ಲಿ ವಾಸವಿದ್ದ ರಾಬರ್ಟ್ ರಾಂಡಲ್ ಎಂಬ ಯುವಕನಿಗೆ ಗ್ಲಾಕೋಮಾ ಇದೆ ಎಂದು ವೈದ್ಯರು ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಾ ಹೋಗುವ ಕಾಯಿಲೆ ಅದು. ಕೆಲವೇ ವರ್ಷಗಳಲ್ಲಿ ದೃಷ್ಟಿ ಹೋಗಲಿದೆ ಎಂದೂ ತಿಳಿಸಿದರು. ಸಂಜೆಯಾದರೆ ಅವನಿಗೆ ದೀಪಗಳ ಸುತ್ತ ಬಣ್ಣದ ಬಳೆಗಳು ಕಾಣಿಸುತ್ತಿದ್ದವು. ಅದು ಒತ್ತಡ ಏರಿರುವುದರ ಗುರುತು. ಒಂದು ರಾತ್ರಿ ಗಾಂಜಾ ಸೇದಿ ಕಿಟಕಿಯಿಂದಾಚೆ ನೋಡಿದಾಗ ಬೀದಿದೀಪದ ಸುತ್ತ ಬಳೆ ಇರಲಿಲ್ಲ.

ಆ ಮೇಲೆ ಅವನು ಮನೆಯಲ್ಲೇ ನಾಲ್ಕು ಗಿಡ ಬೆಳೆಸಲು ಹೊರಟ, 1975ರಲ್ಲಿ ಪೊಲೀಸರ ಕೈಗೆ ಸಿಕ್ಕ. ದೃಷ್ಟಿ ಉಳಿಸಿಕೊಳ್ಳಲು ನನಗೆ ಬೇರೆ ದಾರಿ ಇರಲಿಲ್ಲ ಎಂದು ವಾದಿಸಿದ. 1976ರಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಿ ಅವನನ್ನು ಬಿಡುಗಡೆ ಮಾಡಿತು. ಅಷ್ಟೇ ಅಲ್ಲ, ಅವನನ್ನು ಬಂಧಿಸಿದ್ದ ಸರ್ಕಾರವೇ ಮಿಸಿಸಿಪ್ಪಿಯ ತನ್ನ ಹೊಲದಲ್ಲಿ ಬೆಳೆದ ಗಾಂಜಾವನ್ನು ಸಿಗರೇಟಿನಂತೆ ಸುತ್ತಿ ಅವನಿಗೆ ಒದಗಿಸತೊಡಗಿತು. ರಾಂಡಲ್ 2001ರಲ್ಲಿ ತೀರಿಕೊಂಡ. ವೈದ್ಯರು ಹೇಳಿದಂತೆ ಅವನು ಕುರುಡನಾಗಲಿಲ್ಲ.

ಗಾಂಜಾವನ್ನು ವೈದ್ಯಕೀಯ ಬಳಕೆಗೆ ಬಿಡಬೇಕು ಎನ್ನುವವರು ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದನ್ನೂ ಹೇಳಬೇಕು. ಗಾಂಜಾ ಕಣ್ಣಿನ ಒತ್ತಡವನ್ನು ಇಳಿಸುವುದು ಹೌದು, ಆದರೆ ಆ ಪರಿಣಾಮ ನಿಲ್ಲುವುದು ಮೂರು ನಾಲ್ಕು ಗಂಟೆ ಮಾತ್ರ. ಗ್ಲಾಕೋಮಾದಲ್ಲಿ ಒತ್ತಡವನ್ನು ಹಗಲೂ ರಾತ್ರಿಯೂ ಹದದಲ್ಲಿ ಇಡಬೇಕು. ಹಾಗೆಂದರೆ ದಿನಕ್ಕೆ ಆರೆಂಟು ಬಾರಿ ಸೇದಬೇಕು, ಎಚ್ಚರವಿರುವ ಹೊತ್ತೆಲ್ಲ ಅಮಲಿನಲ್ಲೇ ಇರಬೇಕು. ದಿನಕ್ಕೆ ಒಂದೆರಡು ಬಾರಿ ಹಾಕುವ ಕಣ್ಣಿನ ಹನಿ ಈ ಕೆಲಸವನ್ನು ಈಗ ಹೆಚ್ಚು ಚೆನ್ನಾಗಿ ಮಾಡುತ್ತದೆ. ಅಮೆರಿಕದ ನೇತ್ರತಜ್ಞರ ಅಕಾಡೆಮಿ ಗ್ಲಾಕೋಮಾಕ್ಕೆ ಗಾಂಜಾವನ್ನು ಶಿಫಾರಸು ಮಾಡುವುದಿಲ್ಲ. ಕಾನೂನಿನ ಬಾಗಿಲನ್ನು ಮೊದಲು ತೆರೆಸಿದ ಕಾಯಿಲೆಯೇ ಇಂದು ವೈದ್ಯರ ಪಟ್ಟಿಯಲ್ಲಿ ಇಲ್ಲ.

ರಾಂಡಲ್‌ನನ್ನು ಜೈಲಿಗೆ ಕಳಿಸದೇ ಇದ್ದದ್ದು ಸರಿ. ಗ್ಲಾಕೋಮಾಕ್ಕೆ ಗಾಂಜಾ ಒಳ್ಳೆಯ ಔಷಧವಲ್ಲ ಎಂಬುದೂ ಸರಿ. ಇವೆರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ಆಗದೇ ಇರುವುದರಿಂದಲೇ ಈ ಚರ್ಚೆ ಐವತ್ತು ವರ್ಷಗಳಿಂದ ಒಂದೇ ಕಡೆ ಗಿರಕಿ ಹೊಡೆಯುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಗಾಂಜಾ ಔಷಧವೇ ಎಂದು ಕೇಳಿದರೆ ಹೌದು, ಅಲ್ಲ ಎಂಬ ಎರಡೇ ಉತ್ತರಗಳಿಗೆ ಜಾಗ. ಗಸಗಸೆ ಗಿಡ ಔಷಧವೇ ಎಂದು ಯಾರೂ ಕೇಳುವುದಿಲ್ಲ. ಅದರ ಹಾಲಿನಿಂದ ಬರುವ ಮಾರ್ಫಿನ್ ಎಷ್ಟು ಮಿಲಿಗ್ರಾಂ, ಯಾವ ನೋವಿಗೆ, ಎಷ್ಟು ದಿನ ಎಂದು ಕೇಳುತ್ತಾರೆ. ಗಾಂಜಾದ ವಿಷಯದಲ್ಲೂ ಕೇಳಬೇಕಾದದ್ದು ಇಷ್ಟೇ: ಗಿಡದ ಯಾವ ಅಂಶ, ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ, ಯಾರಿಗೆ?

ಗಿಡದೊಳಗೆ ಅದರದೇ ವಿಶಿಷ್ಟ ರಾಸಾಯನಿಕಗಳಾದ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡ್‌ಗಳಿವೆ. ಚರ್ಚೆ ಸುತ್ತುವುದು ಮುಖ್ಯವಾಗಿ ಎರಡರ ಸುತ್ತ. ಅಮಲೇರಿಸುವುದು ಟಿಎಚ್‌ಸಿ. ಸಿಬಿಡಿ ಅಮಲೇರಿಸುವುದಿಲ್ಲ. ಇಸ್ರೇಲಿನ ರಸಾಯನಶಾಸ್ತ್ರಜ್ಞ ರಾಫೆಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೊನಿ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ಹೇಳಿದ್ದು 1964ರಲ್ಲಿ. ಮಾರ್ಫಿನ್ 19ನೇ ಶತಮಾನದ ಆರಂಭದಲ್ಲೇ ಕೈಗೆ ಸಿಕ್ಕಿತ್ತು. ಗಾಂಜಾದ ಸಾರ ಎಣ್ಣೆಯಂತೆ ಅಂಟಂಟು, ಹರಳುಗಟ್ಟುವುದಿಲ್ಲ. ಹಾಗಾಗಿ ಅದರ ರಸಾಯನಶಾಸ್ತ್ರ ಒಂದೂವರೆ ಶತಮಾನ ಹಿಂದೆ ಬಿತ್ತು. ಒಂದು ಬಾಟಲಿಯ ಅರಿಷ್ಟ ನಿದ್ದೆ ಬರಿಸಿದರೆ ಇನ್ನೊಂದು ಬಾಟಲಿ ನೀರಿನಂತೆ ನಿಷ್ಪ್ರಯೋಜಕವಾಗಿರುತ್ತಿತ್ತು. ನಂಬಲಾಗದ ಔಷಧವನ್ನು ವೈದ್ಯರು ತಾವಾಗಿಯೇ ಕೈಬಿಡುತ್ತಾ ಬಂದರು. ನಿಷೇಧ ಬಂದದ್ದು ಆಮೇಲೆ.

1988ರಲ್ಲಿ ಅಲಿನ್ ಹೌಲೆಟ್ ಮತ್ತು ವಿಲಿಯಂ ಡೆವೇನ್ ಮೆದುಳಿನಲ್ಲಿ ಟಿಎಚ್‌ಸಿ ಅಂಟಿಕೊಳ್ಳುವ ಗ್ರಾಹಕವನ್ನು ಗುರುತಿಸಿದರು. ಅಲ್ಲಿಂದ ಪ್ರಶ್ನೆ ರೋಚಕವಾಯಿತು. ಎಲ್ಲೋ ಬೆಳೆಯುವ ಗಿಡವೊಂದಕ್ಕಾಗಿ ದೇಹ ಬೀಗ ಮಾಡಿಟ್ಟುಕೊಂಡು ಕಾಯುವುದಿಲ್ಲ. ಬೀಗವಿದ್ದರೆ ದೇಹದ್ದೇ ಆದ ಕೀಲಿ ಇರಲೇಬೇಕು. ಮೆಶೂಲಂ ಅವರ ಜೆರುಸಲೇಮಿನ ಪ್ರಯೋಗಾಲಯದಲ್ಲಿ ಹಂದಿಯ ಮೆದುಳನ್ನು ಜಾಲಾಡಿ 1992ರಲ್ಲಿ ಆ ಕೀಲಿಯನ್ನು ಹುಡುಕಿದರು. ಅದಕ್ಕೆ ಸಂಸ್ಕೃತದ 'ಆನಂದ'ದಿಂದ 'ಆನಂದಮೈಡ್' ಎಂದು ಹೆಸರಿಟ್ಟರು. ನರಕೋಶವೊಂದಕ್ಕೆ ಸಂಕೇತಗಳು ಅತಿಯಾಗಿ ಬಂದಾಗ ಅದು ಕಳಿಸುತ್ತಿರುವ ಕೋಶಕ್ಕೆ 'ಸಾಕು' ಎಂದು ಹಿಂದಕ್ಕೆ ಹೇಳಿಕಳಿಸುವ ವ್ಯವಸ್ಥೆಯಲ್ಲಿ ಇಂಥ ಅಣುಗಳ ಪಾತ್ರವಿದೆ. ನೋವು, ವಾಂತಿ, ಹಸಿವು, ನೆನಪು, ಭಯ ಎಲ್ಲದರಲ್ಲೂ ಈ ವ್ಯವಸ್ಥೆಯ ಕೈವಾಡವಿದೆ.

ಭರವಸೆಯೂ ಅಪಾಯವೂ ಇಲ್ಲೇ ಇವೆ. ಒಂದೇ ಕೀಲಿ ಇಷ್ಟೊಂದು ಬಾಗಿಲುಗಳನ್ನು ತೆರೆಯುವುದಾದರೆ ಬೇಕಾದ ಬಾಗಿಲನ್ನು ಮಾತ್ರ ತೆರೆ ಎಂದು ಅದಕ್ಕೆ ಹೇಳುವುದು ಹೇಗೆ? ಇದೇ ಗ್ರಾಹಕವನ್ನು ಮುಚ್ಚಿ ಹಸಿವು ತಗ್ಗಿಸುವ ರಿಮೊನಬ್ಯಾಂಟ್ ಎಂಬ ಮಾತ್ರೆಗೆ ಯುರೋಪಿನಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಸೇವಿಸಿದವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಹೆಚ್ಚಿದ್ದರಿಂದ 2008ರಲ್ಲಿ ಮಾರಾಟ ನಿಂತಿತು. ಗಾಂಜಾದ ಪರವಾಗಿರುವ ಒಂದು ಸಂಗತಿಯೂ ಇದೇ ಗ್ರಾಹಕಗಳ ಹಂಚಿಕೆಯಿಂದ ಬಂದಿದೆ. ಉಸಿರಾಟವನ್ನು ನಡೆಸುವ ಮಿದುಳುಕಾಂಡದ ಭಾಗದಲ್ಲಿ ಅವು ತೀರಾ ವಿರಳ. ಆದ್ದರಿಂದಲೇ ಅಫೀಮಿನ ವರ್ಗದ ಔಷಧಗಳು ಅತಿಯಾದಾಗ ಉಸಿರು ನಿಂತು ಸಾಯುವಂತೆ ಗಾಂಜಾದಿಂದ ಸಾಯುವುದಿಲ್ಲ.

ಔಷಧವಾಗಿ ಗಾಂಜಾದ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಮಕ್ಕಳ ಮೂರ್ಛೆರೋಗದಲ್ಲಿ. ಆ ಪುರಾವೆ ನಡೆದು ಬಂದ ದಾರಿಯನ್ನು ನಿಧಾನವಾಗಿ ನೋಡಬೇಕು. 19ನೇ ಶತಮಾನದಲ್ಲಿ ಕಲ್ಕತ್ತಾದ ವೈದ್ಯಕೀಯ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಓಶಾನೆಸಿ ಗಾಂಜಾ ಅರಿಷ್ಟವನ್ನು ಹಲವು ರೋಗಿಗಳಿಗೆ ಕೊಟ್ಟು ನೋಡಿದ. ಕೆಲವೇ ವಾರಗಳ ಹಸುಗೂಸೊಂದರ ಸೆಳವು ಅದರಿಂದ ನಿಂತದ್ದನ್ನು ಬರೆದಿಟ್ಟ. 1980ರಲ್ಲಿ ಬ್ರೆಜಿಲ್‌ನ ಸಂಶೋಧಕರು ಮೆಶೂಲಂ ಜೊತೆಗೂಡಿ ಬೆರಳೆಣಿಕೆಯ ರೋಗಿಗಳಿಗೆ ಶುದ್ಧ ಸಿಬಿಡಿ ಕೊಟ್ಟು ಆಶಾದಾಯಕ ಫಲಿತಾಂಶ ಪ್ರಕಟಿಸಿದರು. ಅದರ ಬೆನ್ನು ಹತ್ತಿದವರು ಕಡಿಮೆ. ಮೂರು ದಶಕ ಹಾಗೆಯೇ ಹೋಯಿತು. ಆ ಮೂವತ್ತು ವರ್ಷಗಳಲ್ಲಿ ಯಾವ ಔಷಧಕ್ಕೂ ಬಗ್ಗದ ಸೆಳವಿನಲ್ಲಿ ಬೆಳೆದ, ಬೆಳೆಯದೇ ಹೋದ ಮಕ್ಕಳ ಲೆಕ್ಕ ಇಟ್ಟವರಿಲ್ಲ.

2013ರಲ್ಲಿ ಅಮೆರಿಕದ ಕೊಲರಾಡೋದ ಪುಟ್ಟ ಹುಡುಗಿಯೊಬ್ಬಳ ಕಥೆ ಟಿವಿಯಲ್ಲಿ ಬಂತು. ಡ್ರಾವೆ ಸಿಂಡ್ರೋಮ್ ಎಂಬ ಉಗ್ರ ಮೂರ್ಛೆರೋಗದ ಮಗು ಅದು. ವಾರಕ್ಕೆ ನೂರಾರು ಬಾರಿ ಸೆಳವು ಬರುತ್ತಿತ್ತು. ಸಿಬಿಡಿ ಹೆಚ್ಚಿರುವ ಗಾಂಜಾ ಎಣ್ಣೆ ಕೊಟ್ಟ ಮೇಲೆ ಸೆಳವು ಬಹುಪಾಲು ನಿಂತಿತು ಎಂದು ಹೆತ್ತವರು ಹೇಳಿದರು. ನೂರಾರು ಕುಟುಂಬಗಳು ಊರು ಬಿಟ್ಟು ಕೊಲರಾಡೋಗೆ ಹೋಗಿ ನೆಲೆಸಿದವು. ಒಂದು ಮಗುವಿನ ಅನುಭವ ಪುರಾವೆಯಾಗುವುದಿಲ್ಲ, ನಿಜ. ಆದರೆ ಆ ಹೆತ್ತವರು ಮಾಡುತ್ತಿದ್ದ ಕೆಲಸವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಸೂಜಿಯಿಲ್ಲದ ಸಿರಿಂಜನ್ನು ದೀಪಕ್ಕೆ ಹಿಡಿದು, ಎಣ್ಣೆಯನ್ನು ಅರ್ಧ ಮಿಲಿಲೀಟರಿನ ಗೆರೆಗೆ ಇಳಿಸಿ, ನಿದ್ದೆಗಣ್ಣಿನ ಮಗುವಿನ ಕೆನ್ನೆಯೊಳಗೆ ಬಿಟ್ಟು, ಪಕ್ಕದ ನೋಟ್‌ಬುಕ್ಕಿನಲ್ಲಿ ಸಮಯ ಬರೆದು, ಮುಂದಿನ ಸೆಳವು ಬಂದರೆ ಅದನ್ನೂ ಬರೆಯಲು ಪೆನ್ನು ಹಿಡಿದು ಕೂರುವುದು. ವೈದ್ಯಕೀಯ ವ್ಯವಸ್ಥೆ ಮಾಡಬೇಕಿದ್ದ ಪ್ರಯೋಗವನ್ನು ಅವರು ತಮ್ಮ ಮಕ್ಕಳ ಮೇಲೆ ತಾವೇ ಮಾಡಬೇಕಾಗಿ ಬಂದಿತ್ತು.

ಆ ಒತ್ತಡದ ನಡುವೆಯೇ ಸರಿಯಾದ ಪ್ರಯೋಗ ನಡೆಯಿತು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡ್ರಾವೆ ಸಿಂಡ್ರೋಮ್ ಇದ್ದ 120 ಮಕ್ಕಳು ಮತ್ತು ಯುವಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶುದ್ಧ ಸಿಬಿಡಿ ದ್ರವ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ದ್ರವ ಕೊಟ್ಟರು. ಸಿಬಿಡಿ ಗುಂಪಿನಲ್ಲಿ ತಿಂಗಳ ಸೆಳವುಗಳ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು. ಇನ್ನೊಂದು ಗುಂಪಿನಲ್ಲಿ 14.9 ಇದ್ದದ್ದು 14.1 ಆಯಿತು, ಅಂದರೆ ಹೆಚ್ಚೇನೂ ಬದಲಾಗಲಿಲ್ಲ. ಮಂಪರು, ಭೇದಿ, ಯಕೃತ್ತಿನ ಕಿಣ್ವಗಳ ಏರಿಕೆ ಎಂಬ ಅಡ್ಡಪರಿಣಾಮಗಳೂ ದಾಖಲಾದವು. 2018ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಪಿಡಿಯೋಲೆಕ್ಸ್ ಎಂಬ ಹೆಸರಿನ ಈ ದ್ರವಕ್ಕೆ ಡ್ರಾವೆ ಮತ್ತು ಲೆನಾಕ್ಸ್-ಗಾಸ್ಟೋ ಎಂಬ ಎರಡು ಬಗೆಯ ಮೂರ್ಛೆರೋಗಗಳಿಗಾಗಿ ಒಪ್ಪಿಗೆ ಕೊಟ್ಟಿತು.

ಇಲ್ಲಿ ಗೆದ್ದದ್ದು ಏನು ಎಂಬುದನ್ನು ಸರಿಯಾಗಿ ಓದಿಕೊಳ್ಳಬೇಕು. ಗಾಂಜಾ ಮೂರ್ಛೆರೋಗವನ್ನು ಗುಣಪಡಿಸುತ್ತದೆ ಎಂದು ಇದರಿಂದ ಸಾಬೀತಾಗಲಿಲ್ಲ. ಅಮಲೇರಿಸದ ಒಂದು ಅಣು, ಶುದ್ಧರೂಪದಲ್ಲಿ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಬೇರೆ ಔಷಧಗಳ ಜೊತೆಗೆ, ಕೆಲವು ಉಗ್ರ ಬಗೆಯ ಮೂರ್ಛೆರೋಗಗಳಲ್ಲಿ ಸೆಳವನ್ನು ಗಣನೀಯವಾಗಿ ತಗ್ಗಿಸುತ್ತದೆ ಎಂದು ಸಾಬೀತಾಯಿತು. ಘೋಷಣೆ ಕೂಗಲು ಈ ವಾಕ್ಯ ತುಂಬ ಉದ್ದ. ಮಗುವಿಗೆ ಬೇಕಾದದ್ದು ಮಾತ್ರ ಈ ಉದ್ದದ ವಾಕ್ಯವೇ.

ಉಳಿದ ಕಾಯಿಲೆಗಳಲ್ಲಿ ಚಿತ್ರ ಮಿಶ್ರ. ಕಿಮೊಥೆರಪಿಯ ವಾಂತಿಗೆ ಕೃತಕ ಟಿಎಚ್‌ಸಿ ಮಾತ್ರೆ ಡ್ರೊನಬಿನಾಲ್ 1985ರಿಂದಲೇ ಅಮೆರಿಕದಲ್ಲಿದೆ, ಕೆಲಸವನ್ನೂ ಮಾಡುತ್ತದೆ. ಆಮೇಲೆ ಬಂದ ಆಂಡಾನ್ಸೆಟ್ರಾನ್‌ನಂಥ ಔಷಧಗಳು ಅಮಲಿಲ್ಲದೆಯೇ ಆ ಕೆಲಸ ಮಾಡುವುದರಿಂದ ಅದು ಎರಡನೇ ಸಾಲಿಗೆ ಸರಿಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರ ಸ್ನಾಯು ಬಿಗಿತಕ್ಕೆ ಟಿಎಚ್‌ಸಿ ಮತ್ತು ಸಿಬಿಡಿ ಎರಡೂ ಇರುವ, ಬಾಯೊಳಗೆ ಸಿಂಪಡಿಸುವ ಔಷಧಕ್ಕೆ ಬ್ರಿಟನ್ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ಕ್ಯಾನ್ಸರ್ ಗಡ್ಡೆಯನ್ನೇ ಕರಗಿಸುತ್ತದೆ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿರುತ್ತದೆ. ಗಾಜಿನ ತಟ್ಟೆಯ ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಕಂಡದ್ದನ್ನು ಮನುಷ್ಯರಿಗೆ ಹೇಳುವ ಮಾತು ಅದು. ಅದನ್ನು ನಂಬಿ ಚಿಕಿತ್ಸೆ ಬಿಟ್ಟವರು ಕಳೆದುಕೊಳ್ಳುವುದು ಮರಳಿ ಬಾರದ ಸಮಯವನ್ನು.

ನಿಜವಾದ ಜಗಳ ದೀರ್ಘಕಾಲದ ನೋವಿನದು. ವೈದ್ಯಕೀಯ ಗಾಂಜಾ ಬೇಕೆನ್ನುವವರಲ್ಲಿ ದೊಡ್ಡ ಪಾಲು ಇವರದೇ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರ ವರದಿಯಲ್ಲಿ ವಯಸ್ಕರ ದೀರ್ಘಕಾಲದ ನೋವಿಗೆ ಗಾಂಜಾ ಉಪಯುಕ್ತ ಎನ್ನಲು ಗಣನೀಯ ಪುರಾವೆ ಇದೆ ಎಂದವು. 2019ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ದೀರ್ಘಕಾಲದ ನೋವಿಗೆ ಇದನ್ನು ಕೊಡಬೇಡಿ ಎಂದಿತು. 2021ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವೂ ಸಾರ್ವತ್ರಿಕ ಬಳಕೆಯನ್ನು ಅನುಮೋದಿಸಲಾಗದು ಎಂದಿತು. ಸುಮಾರು ನಾಲ್ಕು ವರ್ಷಗಳಲ್ಲಿ ದೊಡ್ಡ ಸಂಸ್ಥೆಗಳು ಹೀಗೆ ಬೇರೆ ಬೇರೆ ಮಾತಾಡಿದವು. ಅಪ್ರಾಮಾಣಿಕತೆ ಇದಕ್ಕೆ ಕಾರಣವಲ್ಲ. ಪ್ರಯೋಗಗಳೇ ಸಣ್ಣವು, ಕೆಲವೇ ವಾರಗಳವು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ.

ಯಾರಿಗೆ ಔಷಧ, ಯಾರಿಗೆ ಹುಸಿ ಮಾತ್ರೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಾಗಬಾರದು. ಒಳ್ಳೆಯ ಪ್ರಯೋಗದ ಜೀವಾಳ ಅದು. ಈಗ ವರ್ಷಗಟ್ಟಲೆ ಸೊಂಟನೋವಿನಿಂದ ಬಳಲಿದ ಒಬ್ಬರನ್ನು ನೆನೆಯಿರಿ. ಬೆಳಿಗ್ಗೆ ಕ್ಯಾಪ್ಸೂಲ್ ನುಂಗಿದ್ದಾರೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಬಾಯಿ ಒಣಗುತ್ತದೆ, ಗಡಿಯಾರದ ಮುಳ್ಳು ನಿಧಾನವಾದಂತೆ ತೋರುತ್ತದೆ, ಕಾರಣವಿಲ್ಲದೆ ನಗು ಬರುತ್ತದೆ. ತಮಗೆ ಸಿಕ್ಕಿದ್ದು ಯಾವುದು ಎಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ. ನಿರೀಕ್ಷೆ ಅಲ್ಲಿಂದಲೇ ತನ್ನ ಕೆಲಸ ಶುರು ಮಾಡುತ್ತದೆ. ಏನೂ ಆಗದ ಇನ್ನೊಬ್ಬರು ನಿರಾಶರಾಗಿ, ಇದ್ದ ನೋವಿಗಿಂತ ಹೆಚ್ಚು ಗುರುತು ಹಾಕುತ್ತಾರೆ. ಗಾಂಜಾ ಪ್ರಯೋಗಗಳಲ್ಲಿ ಹುಸಿ ಔಷಧದ ಗುಂಪಿಗೂ ನೋವು ಗಣನೀಯವಾಗಿ ಇಳಿಯುವುದು ಮತ್ತೆ ಮತ್ತೆ ಕಂಡುಬಂದಿದೆ. ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವಂತೆ ಪ್ರತಿ ಸಣ್ಣ ಅಧ್ಯಯನವನ್ನೂ ಸಂಭ್ರಮಿಸುವ ಸುದ್ದಿಗಳು ಈ ನಿರೀಕ್ಷೆಗೆ ನೀರೆರೆಯುತ್ತವೆ. ನೋವು ಸುಳ್ಳು ಎಂದು ಇದರರ್ಥವಲ್ಲ. ಅದು ಇಳಿದದ್ದೂ ಸುಳ್ಳಲ್ಲ. ಇಳಿಸಿದ್ದು ಯಾವುದು ಎಂಬುದಷ್ಟೇ ಇತ್ಯರ್ಥವಾಗಿಲ್ಲ.

ದೊಡ್ಡ, ದೀರ್ಘ ಪ್ರಯೋಗಗಳು ಯಾಕೆ ನಡೆಯಲಿಲ್ಲ? ಇಲ್ಲಿ ನನಗೆ ಸಿಟ್ಟು ಬರುತ್ತದೆ. 1970ರ ಅಮೆರಿಕದ ಕಾನೂನು ಗಾಂಜಾವನ್ನು ಮೊದಲ ಪಟ್ಟಿಯಲ್ಲಿ, ಹೆರಾಯಿನ್ ಜೊತೆ ಇರಿಸಿತು. ಒಪ್ಪಿತ ವೈದ್ಯಕೀಯ ಉಪಯೋಗವೇ ಇಲ್ಲದ ಪದಾರ್ಥಗಳ ಪಟ್ಟಿ ಅದು. ಪಟ್ಟಿಯಿಂದ ತೆಗೆಯಬೇಕಾದರೆ ಪ್ರಯೋಗಗಳ ಪುರಾವೆ ಬೇಕು. ಪಟ್ಟಿಯಲ್ಲಿರುವುದರಿಂದ ಪ್ರಯೋಗ ನಡೆಸುವುದೇ ದುಸ್ತರ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. 1968ರಿಂದ 2021ರವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ, ಅಮೆರಿಕದ ಸಂಶೋಧಕರಿಗೆ ಕಾನೂನುಬದ್ಧವಾಗಿ ಗಾಂಜಾ ಸಿಗುತ್ತಿದ್ದದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಒಂದೇ ಹೊಲದಿಂದ. ರೋಗಿಗಳು ಅಂಗಡಿಯಲ್ಲಿ ಕೊಳ್ಳುತ್ತಿದ್ದದ್ದಕ್ಕೂ ಸಂಶೋಧಕರು ಪರೀಕ್ಷಿಸುತ್ತಿದ್ದದ್ದಕ್ಕೂ ಸಂಬಂಧವೇ ಇರಲಿಲ್ಲ. 1988ರಲ್ಲಿ ಮಾದಕವಸ್ತು ನಿಯಂತ್ರಣ ಸಂಸ್ಥೆಯದ್ದೇ ಆಡಳಿತಾತ್ಮಕ ನ್ಯಾಯಾಧೀಶ ಫ್ರಾನ್ಸಿಸ್ ಯಂಗ್, ಸುದೀರ್ಘ ವಿಚಾರಣೆಯ ನಂತರ, ಗಾಂಜಾವನ್ನು ಎರಡನೇ ಪಟ್ಟಿಗೆ ಇಳಿಸಿ ಎಂದು ಶಿಫಾರಸು ಮಾಡಿದರು. ಸಂಸ್ಥೆ ಅದನ್ನು ತಳ್ಳಿಹಾಕಿತು. ಅದೇ ದೇಶದ ಸರ್ಕಾರ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವವನ್ನು ಅಧಿಕೃತವಾಗಿ ಮುಂದಿಟ್ಟದ್ದು 2024ರ ಮೇ ತಿಂಗಳಲ್ಲಿ.

ಜಾಗತಿಕ ಒಪ್ಪಂದವೂ ಇದೇ ಗತಿಯದು. 1961ರ ಮಾದಕವಸ್ತುಗಳ ಏಕೀಕೃತ ಒಪ್ಪಂದ ಗಾಂಜಾವನ್ನು ಅತ್ಯಂತ ಕಠಿಣವಾದ ನಾಲ್ಕನೇ ಪಟ್ಟಿಗೂ ಸೇರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಮರುಪರಿಶೀಲಿಸಿ, ಆ ಪಟ್ಟಿಯಿಂದ ತೆಗೆಯಲು ಶಿಫಾರಸು ಮಾಡಿತು. 2020ರ ಡಿಸೆಂಬರ್ 2ರಂದು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಮತಕ್ಕೆ ಹಾಕಿದಾಗ ಪರವಾಗಿ 27, ವಿರುದ್ಧವಾಗಿ 25 ಮತಗಳು ಬಿದ್ದವು. ಒಂದು ದೇಶ ತಟಸ್ಥವಾಗಿ ಉಳಿಯಿತು. ಗಾಂಜಾ ಇಂದಿಗೂ ಅದೇ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಅಂದರೆ ಮಾರ್ಫಿನ್ ಇರುವ ಕಡೆ. ವೈದ್ಯಕೀಯ ಬಳಕೆಗೆ ಅಂತರರಾಷ್ಟ್ರೀಯ ಕಾನೂನು ಅಡ್ಡಿ ಎಂದು ಈಗ ಯಾವ ದೇಶವೂ ಹೇಳುವಂತಿಲ್ಲ.

ಹಾಗಾದರೆ ಯಾವ ಬಾಗಿಲಿನಿಂದ ಒಳಗೆ ಬಿಡಬೇಕು? ನನ್ನ ಮಟ್ಟಿಗೆ ಇಡೀ ಚರ್ಚೆಯ ಕೇಂದ್ರ ಇದೇ.

ಒಂದು ಬಾಗಿಲು ಮತಪೆಟ್ಟಿಗೆಯದು. ಕ್ಯಾಲಿಫೋರ್ನಿಯಾ 1996ರಲ್ಲಿ ಜನಮತದ ಮೂಲಕ ಅಮೆರಿಕದಲ್ಲಿ ಮೊದಲ ವೈದ್ಯಕೀಯ ಗಾಂಜಾ ಕಾನೂನು ತಂದಿತು. ಕ್ಯಾನ್ಸರ್, ಏಡ್ಸ್, ಗ್ಲಾಕೋಮಾ ಎಂದು ಪಟ್ಟಿ ಮಾಡುತ್ತಾ ಹೋದ ಆ ಕಾನೂನು ಕೊನೆಗೆ 'ಗಾಂಜಾದಿಂದ ಉಪಶಮನ ಸಿಗುವ ಬೇರಾವುದೇ ಕಾಯಿಲೆ' ಎಂದು ಸೇರಿಸಿತು. ಒಕ್ಕೂಟದ ಕಾನೂನು ನಿಷೇಧಿಸಿದ್ದರಿಂದ ವೈದ್ಯರು ಔಷಧ ಚೀಟಿ ಬರೆಯುವಂತಿರಲಿಲ್ಲ, 'ಶಿಫಾರಸು' ಮಾತ್ರ ಮಾಡಬಹುದಿತ್ತು. ಚೀಟಿಯಲ್ಲಿ ಪ್ರಮಾಣವಿರುತ್ತದೆ, ದಿನಕ್ಕೆ ಎಷ್ಟು ಬಾರಿ, ಎಷ್ಟು ದಿನ ಎಂದಿರುತ್ತದೆ, ಕೊಡುವವರು ಔಷಧಶಾಸ್ತ್ರ ಓದಿದವರಾಗಿರುತ್ತಾರೆ. ಶಿಫಾರಸಿನಲ್ಲಿ ಇದಾವುದೂ ಇಲ್ಲ. ಪ್ರಮಾಣವನ್ನು ರೋಗಿಯೂ ಅಂಗಡಿಯವನೂ ಕೂಡಿ ತೀರ್ಮಾನಿಸಬೇಕು.

ಇನ್ನೊಂದು ಬಾಗಿಲು ಔಷಧಾಲಯದ್ದು. ನೆದರ್‌ಲ್ಯಾಂಡ್ಸ್ 2003ರಿಂದ ಸರ್ಕಾರಿ ಕಚೇರಿಯೊಂದರ ಮೇಲ್ವಿಚಾರಣೆಯಲ್ಲಿ, ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂದು ನಿಗದಿಪಡಿಸಿದ ಗಾಂಜಾವನ್ನು ಔಷಧದಂಗಡಿಗಳ ಮೂಲಕ ಕೊಡುತ್ತಿದೆ. ಜರ್ಮನಿ 2017ರಲ್ಲಿ ವೈದ್ಯರು ಬರೆಯಲು ಅವಕಾಶ ಕೊಟ್ಟಿತು. ಕೆಲವು ಷರತ್ತುಗಳಡಿ ಆರೋಗ್ಯ ವಿಮೆಯೇ ವೆಚ್ಚ ಭರಿಸುವ ವ್ಯವಸ್ಥೆಯನ್ನೂ ಮಾಡಿತು. ಈ ಬಾಗಿಲು ಕಿರಿದಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಉದಾಹರಣೆ. ಮೂರ್ಛೆರೋಗದ ಮಕ್ಕಳ ತಾಯಂದಿರು ಬೀದಿಗಿಳಿದ ಮೇಲೆ 2018ರ ನವೆಂಬರ್ 1ರಿಂದ ಅಲ್ಲಿ ತಜ್ಞವೈದ್ಯರು ಗಾಂಜಾ ಉತ್ಪನ್ನಗಳನ್ನು ಬರೆಯಬಹುದಾಯಿತು. ಆದರೆ ಪರವಾನಗಿ ಪಡೆಯದ ಉತ್ಪನ್ನಗಳನ್ನು ಸರ್ಕಾರಿ ಆರೋಗ್ಯ ಸೇವೆಯಲ್ಲಿ ಬರೆದವರು ತೀರಾ ವಿರಳ. ಹೆಚ್ಚಿನ ಕುಟುಂಬಗಳು ಖಾಸಗಿ ಚಿಕಿತ್ಸಾಲಯಗಳ ಮೊರೆಹೋದವು. ಕಾನೂನು ಬದಲಾಯಿತು, ದುಡ್ಡಿದ್ದವರಿಗೆ ಮಾತ್ರ.

ಥಾಯ್ಲೆಂಡ್ ಇನ್ನೊಂದು ತುದಿ. 2018ರ ಕೊನೆಯಲ್ಲಿ ವೈದ್ಯಕೀಯ ಬಳಕೆಗೆ ಒಪ್ಪಿಗೆ ಕೊಟ್ಟ ದೇಶ 2022ರ ಜೂನ್‌ನಲ್ಲಿ ಗಿಡವನ್ನೇ ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು. ಬಳಕೆಯನ್ನು ನಿಯಂತ್ರಿಸುವ ಸಮಗ್ರ ಕಾನೂನು ಮಾತ್ರ ಬರಲೇ ಇಲ್ಲ. ಬೀದಿ ಬೀದಿಗಳಲ್ಲಿ ಸಾವಿರಾರು ಅಂಗಡಿಗಳು ತಲೆಯೆತ್ತಿದವು. 2025ರ ಜೂನ್‌ನಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂಬ ಆದೇಶ ಬಂತು. ವೈದ್ಯಕೀಯ ಎಂಬ ಪದವನ್ನು ಮುಂದಿಟ್ಟುಕೊಂಡು ಮಾರುಕಟ್ಟೆ ತೆರೆಯುವುದು ಸುಲಭ, ಮುಚ್ಚುವುದು ಕಷ್ಟ.

ವಿರೋಧಿಗಳ ಭಯ ಇದೇ, ಮತ್ತು ಅದು ಪೊಳ್ಳಲ್ಲ. ಅಪಾಯಗಳು ನಿಜವಾದವು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದ ಸರಾಸರಿ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4 ಇದ್ದದ್ದು 2014ರ ಹೊತ್ತಿಗೆ ಸುಮಾರು ಶೇ 12 ಆಗಿತ್ತು. ಯುರೋಪಿನ ಹಲವು ನಗರಗಳನ್ನೊಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದಿನವೂ ಗಾಂಜಾ ಬಳಸುವವರಲ್ಲಿ ಭ್ರಮೆಗಳಿಂದ ಕೂಡಿದ ಮನೋವಿಕಾರದ ಸಾಧ್ಯತೆ ಎಂದೂ ಬಳಸದವರಿಗಿಂತ ಸುಮಾರು ಮೂರು ಪಟ್ಟು, ತೀಕ್ಷ್ಣ ಗಾಂಜಾವನ್ನು ದಿನವೂ ಬಳಸುವವರಲ್ಲಿ ಸುಮಾರು ಐದು ಪಟ್ಟು. ಬೆಳೆಯುತ್ತಿರುವ ಮೆದುಳಿಗೆ, ಗರ್ಭಿಣಿಯರಿಗೆ, ವಾಹನ ಓಡಿಸುವವರಿಗೆ ಎಚ್ಚರಿಕೆ ಬೇಕೇಬೇಕು. ವರ್ಷಗಟ್ಟಲೆ ಅತಿಯಾಗಿ ಬಳಸಿದ ಕೆಲವರಿಗೆ ನಿಲ್ಲದ ವಾಂತಿ ಶುರುವಾಗುತ್ತದೆ, ಬಿಸಿನೀರಿನ ಸ್ನಾನ ಬಿಟ್ಟರೆ ಬೇರೆ ಸಮಾಧಾನವಿಲ್ಲ. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಇದನ್ನು ಮೊದಲು ವಿವರಿಸಿದರು. ವಾಂತಿ ನಿಲ್ಲಿಸಲು ಕೊಡುವ ಪದಾರ್ಥವೇ ವಾಂತಿ ತರಿಸುತ್ತದೆ ಎಂದಾಗ, ಪ್ರಮಾಣ ಎಂಬ ಮಾತಿಗೆ ನಾನೇಕೆ ಇಷ್ಟು ಜೋತುಬಿದ್ದಿದ್ದೇನೆ ಎಂಬುದು ಓದುಗರಿಗೆ ಅರ್ಥವಾಗಬಹುದು.

ಪರವಾದಿಗಳು ಉತ್ಸಾಹದಲ್ಲಿ ಎತ್ತಿ ಹಿಡಿದ ಒಂದು ವಾದವೂ ಕುಸಿದಿದೆ. ವೈದ್ಯಕೀಯ ಗಾಂಜಾ ಇರುವ ಅಮೆರಿಕದ ರಾಜ್ಯಗಳಲ್ಲಿ ಅಫೀಮು ವರ್ಗದ ನೋವುನಿವಾರಕಗಳಿಂದ ಆಗುವ ಸಾವು ಸುಮಾರು ಶೇ 25ರಷ್ಟು ಕಡಿಮೆ ಎಂದು 2014ರ ಅಧ್ಯಯನವೊಂದು ಹೇಳಿತ್ತು. ಅದರ ಅಂಕಿಅಂಶ 1999ರಿಂದ 2010ರವರೆಗಿನದು. ಅದೇ ವಿಧಾನವನ್ನು 2017ರವರೆಗೆ ಮುಂದುವರಿಸಿದ 2019ರ ಅಧ್ಯಯನದಲ್ಲಿ ಸಂಬಂಧ ತಲೆಕೆಳಗಾಯಿತು, ಸಾವು ಶೇ 23ರಷ್ಟು ಹೆಚ್ಚು ಎಂದು ಬಂತು. ಗಾಂಜಾ ಸಾವನ್ನು ತಗ್ಗಿಸಿತ್ತು ಎಂಬುದಾಗಲಿ ಹೆಚ್ಚಿಸಿತು ಎಂಬುದಾಗಲಿ ಇದರಿಂದ ಸಿದ್ಧವಾಗುವುದಿಲ್ಲ. ರಾಜ್ಯಗಳ ಸರಾಸರಿಯಿಂದ ರೋಗಿಯೊಬ್ಬನ ನೋವಿನ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ ಎಂಬುದಷ್ಟೇ ಸಿದ್ಧವಾಗುತ್ತದೆ. ಆದರೂ ಮೊದಲ ಅಧ್ಯಯನ ಶಾಸನಸಭೆಗಳಲ್ಲಿ ಮೊಳಗಿದಷ್ಟು ಎರಡನೆಯದು ಮೊಳಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಕಾನೂನಿನ ಬಾಗಿಲು ತೆರೆಯಬೇಕು ಎನ್ನುವ ಕಡೆಗೇ ನಿಲ್ಲುತ್ತೇನೆ, ಔಷಧಾಲಯದ ಬಾಗಿಲನ್ನು. ಕಾರಣ ಮಾರ್ಫಿನ್. ಅದು ಚಟ ಹಿಡಿಸುತ್ತದೆ, ಪ್ರಮಾಣ ತಪ್ಪಿದರೆ ಕೊಲ್ಲುತ್ತದೆ. ಆದರೂ 1961ರ ಒಪ್ಪಂದದ ಪ್ರಸ್ತಾವನೆಯೇ ನೋವು ಶಮನಕ್ಕೆ ಇಂಥ ಪದಾರ್ಥಗಳ ವೈದ್ಯಕೀಯ ಬಳಕೆ ಅನಿವಾರ್ಯ ಎಂದು ಒಪ್ಪಿಕೊಂಡಿದೆ. ಆಸ್ಪತ್ರೆಯಲ್ಲಿ ಮಾರ್ಫಿನ್ ಇದೆ ಎಂದು ಬೀದಿಯಲ್ಲಿ ಹೆರಾಯಿನ್ ಮಾರಲು ಯಾರೂ ಪರವಾನಗಿ ಕೇಳುವುದಿಲ್ಲ. ಹೆಚ್ಚು ಅಪಾಯದ ಪದಾರ್ಥಕ್ಕೆ ಸಾಧ್ಯವಾದ ಶಿಸ್ತು ಕಡಿಮೆ ಅಪಾಯದ್ದಕ್ಕೆ ಸಾಧ್ಯವಿಲ್ಲ ಎನ್ನುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಮಾತು. ಮನರಂಜನೆಗೆ ಗಾಂಜಾ ಬಿಡಬೇಕೇ ಎಂಬುದು ಸ್ವತಂತ್ರವಾದ ಪ್ರಶ್ನೆ. ಅದನ್ನು ಅದರದೇ ಹೆಸರಿನಲ್ಲಿ, ಅದರದೇ ವೇದಿಕೆಯಲ್ಲಿ ಚರ್ಚಿಸಲಿ. ಮೂರ್ಛೆರೋಗದ ಮಗುವನ್ನು ಆ ಮೆರವಣಿಗೆಯ ಮುಂದೆ ನಡೆಸಬೇಡಿ, ಆ ಮೆರವಣಿಗೆಯ ಭಯದಿಂದ ಮಗುವಿನ ಔಷಧವನ್ನೂ ತಡೆಯಬೇಡಿ.

ನಿಷೇಧವಿದ್ದರೆ ರೋಗಿಗಳು ಗಾಂಜಾ ಬಳಸುವುದಿಲ್ಲ ಎಂದೇನೂ ಇಲ್ಲ. ಏನು ಬಳಸುತ್ತಿದ್ದೇವೆ ಎಂದು ತಿಳಿಯದೆ ಬಳಸುತ್ತಾರೆ. ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿದ್ದ 84 ಸಿಬಿಡಿ ಉತ್ಪನ್ನಗಳನ್ನು ಕೊಂಡು ಪರೀಕ್ಷಿಸಿದ ಸಂಶೋಧಕರು 2017ರಲ್ಲಿ ವರದಿ ಮಾಡಿದಂತೆ, ಲೇಬಲ್ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆಯಾದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಪತ್ತೆಯಾಯಿತು. ಅಮಲಿಲ್ಲದ ಎಣ್ಣೆ ಎಂದು ನಂಬಿ ಮಗುವಿನ ಬಾಯಿಗೆ ಬಿಡುವ ತಾಯಿ ಈ ಸಂಖ್ಯೆಯನ್ನು ಓದಿದರೆ ಏನೆಂದುಕೊಂಡಾಳು?

ಇನ್ನೂ ಒಂದು ಸಂಗತಿ ಚರ್ಚೆಗಳಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಗಾಂಜಾ ಅಂಶಗಳು ಬೇರೆ ಔಷಧಗಳ ಜೊತೆ ಸೆಣಸುತ್ತವೆ. ನಿಯಮಿತವಾಗಿ ಬಳಸುವವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಹೆಚ್ಚು ಅರಿವಳಿಕೆ ಬೇಕಾಗಬಹುದು. ಆದ್ದರಿಂದಲೇ 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘವೊಂದು ಶಸ್ತ್ರಚಿಕಿತ್ಸೆಗೆ ಬರುವ ಪ್ರತಿಯೊಬ್ಬರನ್ನೂ ಗಾಂಜಾ ಬಳಕೆಯ ಬಗ್ಗೆ ಕೇಳಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ಮೂರ್ಛೆರೋಗಕ್ಕೆ ಸಾಮಾನ್ಯವಾಗಿ ಕೊಡುವ ಕ್ಲೊಬಜಾಂ ಎಂಬ ಮಾತ್ರೆ ಸಿಬಿಡಿಯ ಜೊತೆ ಸೇರಿದಾಗ ಅದರ ಅಂಶ ರಕ್ತದಲ್ಲಿ ಏರುತ್ತದೆ, ಮಗು ಮಂಪರಿಗೆ ಜಾರುತ್ತದೆ. ವ್ಯಾಲ್‌ಪ್ರೊಯೇಟ್ ಎಂಬ ಇನ್ನೊಂದು ಮೂರ್ಛೆಯ ಔಷಧ ಜೊತೆಗಿದ್ದರೆ ಯಕೃತ್ತಿನ ಕಿಣ್ವಗಳು ಏರುವ ಸಂಭವ ಹೆಚ್ಚು. ಕ್ಲೊಬಜಾಂ ಪ್ರಮಾಣ ತುಸು ಇಳಿಸಿ, ಆಗಾಗ ರಕ್ತಪರೀಕ್ಷೆ ಮಾಡಿಸಿದರೆ ನಿಭಾಯಿಸಬಹುದಾದ ತೊಂದರೆಗಳಿವು, ವೈದ್ಯರಿಗೆ ಗೊತ್ತಿದ್ದರೆ.

ಗೊತ್ತಿಲ್ಲದಿದ್ದರೆ? ಎರಡು ದಿನದಿಂದ ಸರಿಯಾಗಿ ಕಣ್ಣು ಬಿಡದ ಮಗುವನ್ನು ತಾಯಿ ಆಸ್ಪತ್ರೆಗೆ ಕರೆತಂದಿದ್ದಾಳೆ. ವೈದ್ಯರು ಕಾರಣ ಹುಡುಕುತ್ತಿದ್ದಾರೆ: ಸೋಂಕೇ, ಮೆದುಳಿನ ಬಾವೇ, ಕಣ್ಣಿಗೆ ಕಾಣದ ಸೆಳವು ಒಳಗೇ ನಡೆಯುತ್ತಿದೆಯೇ? ಬೇರೆ ಏನಾದರೂ ಔಷಧ ಕೊಡುತ್ತಿದ್ದೀರಾ ಎಂದು ಕೇಳುತ್ತಾರೆ. ಎಣ್ಣೆಯ ಬಾಟಲಿ ಅವಳ ಕೈಚೀಲದಲ್ಲೇ ಇದೆ. ಹೌದೆಂದರೆ ಪೊಲೀಸರು ಬರಬಹುದು, ಮಗುವನ್ನು ತನ್ನಿಂದ ಬೇರೆ ಮಾಡಬಹುದು. ಇಲ್ಲ ಡಾಕ್ಟರ್, ಬೇರೇನೂ ಇಲ್ಲ ಎನ್ನುತ್ತಾಳೆ. ವೈದ್ಯರು ಬೆನ್ನುಹುರಿಯ ದ್ರವದ ಪರೀಕ್ಷೆಗೆ ಬರೆಯುತ್ತಾರೆ.